ದ್ವಾದಶಿಯ ಆಪರೇಷನ್

ಮೊದಲ ಸಲ ನೋಡಿದಾಗ ನಾಯಿಯ ಮೈಮೇಲಿನ ಆ ಗಂಟು ನಿಂಬೆಹಣ್ಣಿನಷ್ಟಿತ್ತು. ಬಲಗಡೆಯ ಸಾಲಿನಲ್ಲಿ, ಕೊನೆಯಿಂದ ಎರಡನೆಯ ಮೊಲೆಯ ಅಡಿಯಲ್ಲಿ. ಬೆರಳುಗಳ ನಡುವೆ ಹಿಡಿದು ಆಡಿಸಿದರೆ ಅತ್ತಿತ್ತ ಸರಿಯುತ್ತಿತ್ತು, ಒಳಗಿನ ಮಾಂಸಕ್ಕೆ ಕಚ್ಚಿಕೊಂಡಿರಲಿಲ್ಲ. ತೊಡೆಯ ಸಂದಿನಲ್ಲಿ ಗೆಡ್ಡೆ ಕಟ್ಟಿದೆಯೇ ಎಂದು ಎರಡು ಸಲ ಹುಡುಕಿದೆ. ಕೈಗೆ ಏನೂ ಸಿಗಲಿಲ್ಲ. ಇದು ಕ್ಯಾನ್ಸರೇ ಇರಬೇಕು, ಆದರೆ ಇನ್ನೂ ಕಾಲ ಮೀರಿಲ್ಲ ಎಂದುಕೊಂಡೆ.

ಮೈಸೂರಿನ ದನದ ಆಸ್ಪತ್ರೆಯೊಂದರಲ್ಲಿ ನಾನು ಡಾಕ್ಟರಾಗಿ ಸೇರಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಸಂಸ್ಥಾನ ಹೋಗಿ ರಾಜ್ಯವಾಗಿತ್ತು. ನಮ್ಮ ಆಸ್ಪತ್ರೆಯ ಬೀರು, ಮೇಜು, ಬಾಗಿಲಿನ ಹಿತ್ತಾಳೆ ಬೀಗ ಮಾತ್ರ ಸಂಸ್ಥಾನದ ಕಾಲದವೇ. ಬರುತ್ತಿದ್ದವು ಹಸು, ಎಮ್ಮೆ, ಜಟಕಾ ಕುದುರೆ. ನಾಯಿ ಬಂದರೆ ಬಂಗಲೆಯವರ ಜಾತಿ ನಾಯಿಯೇ ಆಗಿರುತ್ತಿತ್ತು, ಆಳಿನ ಕೈಯಲ್ಲಿ. ಹೀಗಿರುವಾಗ ಕಚ್ಚೆ ಪಂಚೆ ಉಟ್ಟು, ಉತ್ತರೀಯ ಹೊದ್ದು, ಹಣೆಗೆ ನಾಮವಿಟ್ಟ ಅರವತ್ತರ ಪಂಡಿತರೊಬ್ಬರು ಕೆಂಪು ಬಣ್ಣದ ಬೀದಿನಾಯಿಯೊಂದನ್ನು ಹಿಡಿದುಕೊಂಡು ಬಂದಾಗ ಜಗುಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಿಡಿದುಕೊಂಡು ಎಂದರೆ, ಬಾವಿಯ ಹಗ್ಗದಷ್ಟು ಉದ್ದದ ಹಗ್ಗದ ಒಂದು ತುದಿ ನಾಯಿಯ ಕೊರಳಲ್ಲಿ, ಇನ್ನೊಂದು ತುದಿ ಇವರ ಕೈಯಲ್ಲಿ. ನಡುವೆ ಎಂಟು ಅಡಿ.

ಪಂಡಿತರು ಅರಮನೆಯ ಗ್ರಂಥಭಂಡಾರದಲ್ಲಿ ತಾಳೆಗರಿಗಳನ್ನು ನೋಡಿಕೊಳ್ಳುತ್ತಿದ್ದವರು, ನಿವೃತ್ತರಾಗಿದ್ದರು. ಮನೆ ಅಗ್ರಹಾರದ ಕಡೆ. ನಾಯಿಯ ಹೆಸರು ಕೆಂಚಿ, ಹನ್ನೊಂದು ವರ್ಷದ್ದು. ಮಳೆಯಲ್ಲಿ ನೆನೆದ ಮರಿಯೊಂದು ಅವರ ಹಿತ್ತಲ ಬಾಗಿಲಿಗೆ ಬಂದಿತ್ತಂತೆ, ಅಲ್ಲೇ ಉಳಿದುಕೊಂಡಿತಂತೆ. ಈ ಹನ್ನೊಂದು ವರ್ಷದಲ್ಲಿ ಅವರು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ; ಕೊರಳಿಗೆ ಹಗ್ಗ ಕಟ್ಟಿದವನೂ ಬೀದಿಯ ಹುಡುಗನೊಬ್ಬನಂತೆ. ಮಡಿ. ಅನ್ನ ಮೇಲಿನಿಂದ ಹಾಕುವುದು, ನೀರು ಮೇಲಿನಿಂದ ಹೊಯ್ಯುವುದು, ಮಾತು ಮಾತ್ರ ಧಾರಾಳ. ಗಂಟು ಬಂದದ್ದನ್ನೂ ಕಣ್ಣಲ್ಲೇ ಅಳೆದು, ಹೋದ ಯುಗಾದಿಗೆ ಕಡಲೆಯಷ್ಟಿತ್ತು, ದಸರೆಗೆ ಅಡಕೆಯಷ್ಟಾಯಿತು ಎಂದು ಲೆಕ್ಕವಾಗಿ ಹೇಳಿದರು. ನಾನು ರೋಗದ ಹೆಸರು ಹೇಳಲು ಹಿಂದೆಮುಂದೆ ನೋಡುತ್ತಿದ್ದರೆ ಅವರೇ, "ಅರ್ಬುದ ತಾನೆ?" ಎಂದರು. ಹೌದೆಂದೆ.

"ಎಷ್ಟು ದಿನ ಇರ್ತಾಳೆ ಅಂತ ನಾನು ಕೇಳೋಲ್ಲ ಡಾಕ್ಟರೇ. ಇರೋವಷ್ಟು ದಿನ ನೋವಿಲ್ಲದ ಹಾಗೆ ಇಡೋ ಜವಾಬ್ದಾರಿ ನಿಮ್ಮದು. ಒಪ್ತೀರಾ?"

ಒಪ್ಪಿದೆ. ಆ ವಯಸ್ಸಿನಲ್ಲಿ ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತಿದ್ದೆ.

ಆಪರೇಷನ್ನಿಗೆ ಹೊಟ್ಟೆ ಖಾಲಿ ಇರಬೇಕು. ನಾಯಿ ಸಾಕಿದವರಿಗೆ ಈ ಮಾತು ಹೇಳಿ ನಾನು ಸೋತಿದ್ದೆ. ಊಟ ಹಾಕಬೇಡಿ ಎಂದರೆ ಬಿಸ್ಕತ್ತು ಹಾಕುತ್ತಾರೆ, ಬಿಸ್ಕತ್ತೂ ಬೇಡ ಎಂದರೆ ಹಾಲು ಕುಡಿಸುತ್ತಾರೆ. ಕೆಂಚಿಗೆ ಉಪವಾಸ ಮಾಡಿಸಬೇಕು, ಅದು ಏನು ತಿನ್ನುತ್ತದೆ ಎಂದು ಕೇಳಿದ್ದಕ್ಕೆ ಪಂಡಿತರು, ನಾವು ತಿನ್ನುವುದನ್ನೇ ಎಂದರು. ನಾಳೆ ಏಕಾದಶಿಯಾದ್ದರಿಂದ ಒಲೆ ಹಚ್ಚುವುದಿಲ್ಲ, ತಮಗೂ ಇಲ್ಲ, ಅವಳಿಗೂ ಇಲ್ಲ. ತಿಂಗಳಿಗೆ ಎರಡು ದಿನ ಅವಳಿಗೆ ಅಭ್ಯಾಸವಾಗಿ ಹೋಗಿದೆ, ಆ ದಿನ ಅಡುಗೆಮನೆ ಕಡೆ ಮುಖವನ್ನೇ ಹಾಕುವುದಿಲ್ಲ ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಶಾಸ್ತ್ರವೇ ನನ್ನ ಕೆಲಸ ಮಾಡಿಕೊಡುತ್ತಿರುವಾಗ ನಾನು ಹೇಳುವುದು ಏನೂ ಉಳಿದಿಲ್ಲ ಎಂದುಕೊಂಡೆ. ನಾಡಿದ್ದು ಬೆಳಿಗ್ಗೆ ಎಂಟಕ್ಕೆ ಕರೆತನ್ನಿ ಎಂದಷ್ಟೇ ಹೇಳಿ ಕಳಿಸಿದೆ.

ನಮ್ಮದು ಹೆಬ್ಬಾಳದ ಆಚೆಯ ಹಳ್ಳಿಯಲ್ಲಿ ಒಕ್ಕಲುತನದ ಮನೆ. ನಮ್ಮವ್ವ ಶನಿವಾರ ಒಪ್ಪೊತ್ತು ಮಾಡುತ್ತಿದ್ದಳು, ಹಸಿವಾದಾಗ ಉಣ್ಣುತ್ತಿದ್ದಳು. ಉಪವಾಸ ಮಾಡುವುದಕ್ಕೆ ನಿಯಮವಿರುವಂತೆ ಬಿಡುವುದಕ್ಕೂ ಇದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಇನ್ನೊಂದು ತಪ್ಪನ್ನೂ ಮಾಡಿದೆ. ಕ್ಲೋರೋಫಾರಂ ಕೊಡುವ ಮುಂಚೆ ನಾಯಿಗೆ ಮಾರ್ಫಿಯಾ ಚುಚ್ಚುವುದು ಪದ್ಧತಿ. ಅದರಿಂದ ನಾಯಿ ಮಂಕಾಗುತ್ತದೆ. ಜೊತೆಗೆ ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮೇಜಿಗೆ ಹತ್ತುವ ಮೊದಲೇ ಕಕ್ಕಿಬಿಡುತ್ತದೆ. ನಮ್ಮ ಬೀರುವಿನಲ್ಲಿ ಮಾರ್ಫಿಯಾ ಮುಗಿದು, ಇಂಡೆಂಟ್ ಹಾಕಿ ಹತ್ತು ದಿನವಾಗಿತ್ತು. ಕಾಂಪೌಂಡರ್ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಕ್ಲೋರೋಫಾರಂ ಹಿಡಿಯುವುದರಲ್ಲಿ ಪಳಗಿದ ಕೈ. ಔಷಧಿ ಬರುವವರೆಗೆ ಕಾಯಬಹುದಲ್ಲ ಸಾ ಎಂದು ಒಂದು ಮಾತು ಹೇಳಿದರು. ಗಂಟು ದಿನದಿನಕ್ಕೆ ಬೆಳೆಯುತ್ತದೆ, ಹೊಟ್ಟೆ ಹೇಗೂ ಖಾಲಿ ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ಎಂಟಕ್ಕೆ ಸರಿಯಾಗಿ ಬಂದರು. ಕಾಂಪೌಂಡರ್ ಕೆಂಚಿಯನ್ನು ಎತ್ತಿ ಮೇಜಿನ ಮೇಲೆ ಮಲಗಿಸಿ, ಮೂತಿಗೆ ಹತ್ತಿಯ ಚೀಲ ಹಿಡಿದು, ಹನಿಹನಿಯಾಗಿ ಕ್ಲೋರೋಫಾರಂ ಬಿಟ್ಟರು. ಮೊದಲು ಸ್ವಲ್ಪ ಒದ್ದಾಡಿ ಸುಮ್ಮನಾಯಿತು. ರೆಪ್ಪೆ ಮುಟ್ಟಿದರೆ ಮಿಟುಕಿಸಲಿಲ್ಲ. ಕೂದಲು ಬೋಳಿಸಿ, ಅಯೋಡಿನ್ ಬಳಿದು, ಇನ್ನೇನು ಚಾಕು ಎತ್ತಿಕೊಳ್ಳಬೇಕು, ಹೊಟ್ಟೆ ಒಮ್ಮೆ ಎಳೆದುಕೊಂಡಿತು. ಬಾಯಿ ತುಂಬ ಬಂತು. ಮೊಸರನ್ನ, ಹೆಸರುಬೇಳೆ, ಹಸಿರಾದ ಸೊಪ್ಪು. ಉಸಿರು ನಿಂತಿತು, ವಸಡು ನೀಲಿಗಟ್ಟಿತು.

ಕಾಂಪೌಂಡರ್ ಚೀಲ ಎಸೆದು ಕೆಂಚಿಯ ಹಿಂಗಾಲು ಹಿಡಿದು ತಲೆಕೆಳಗಾಗಿ ಎತ್ತಿದರು. ನಾನು ಇಕ್ಕಳದಲ್ಲಿ ನಾಲಿಗೆ ಎಳೆದು ಗಂಟಲಿಗೆ ಬೆರಳು ಹಾಕಿ ತೋಡಿದೆ. ಮತ್ತೆ ಮಲಗಿಸಿ ಪಕ್ಕೆ ಒತ್ತುವುದು, ಬಿಡುವುದು, ಒತ್ತುವುದು. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ನನ್ನ ಷರಟೆಲ್ಲ ಒದ್ದೆಯಾಗಿತ್ತು. ಕೊನೆಗೆ ಒಂದು ಉಸಿರು ಕೊಸರಿಕೊಂಡು ಒಳಗೆ ಹೋಯಿತು, ಇನ್ನೊಂದು ಹೋಯಿತು. ಕಾಂಪೌಂಡರ್ ಗೋಡೆಗೆ ಒರಗಿ ಕೂತುಬಿಟ್ಟರು.

ಜಗುಲಿಗೆ ಹೋಗಿ ಪಂಡಿತರನ್ನು ಕೇಳಿದೆ. ಅವರು ಸ್ವಲ್ಪವೂ ಅಳುಕದೆ ಹೇಳಿದರು: ಇವತ್ತು ದ್ವಾದಶಿಯಲ್ಲವೆ, ಬೆಳಗಾಗುತ್ತಲೇ ಪಾರಣೆ ಆಯಿತು. ದ್ವಾದಶಿ ತಿಥಿ ಸೂರ್ಯೋದಯವಾದ ಸ್ವಲ್ಪ ಹೊತ್ತಿಗೇ ಮುಗಿಯುತ್ತಿತ್ತು, ಅಷ್ಟರೊಳಗೆ ಉಣ್ಣದಿದ್ದರೆ ಹಿಂದಿನ ದಿನದ ಉಪವಾಸಕ್ಕೆ ಫಲವಿಲ್ಲ. ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ, ನೆಲ್ಲಿಕಾಯಿ. ಕೆಂಚಿಗೂ ಹಾಕಿದೆ. ಉಪವಾಸ ಬೇಕೆಂದು ನೀವು ಹೇಳಿದಿರಿ; ಅದು ಪೂರ್ತಿಯಾಗಬೇಕಲ್ಲ, ಅರ್ಧಕ್ಕೆ ಬಿಟ್ಟರೆ ಅವಳಿಗೆ ಒಳ್ಳೆಯದಾಗುತ್ತದೆಯೆ?

ಒಳಗೆ ನಡೆದದ್ದನ್ನು ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ನನ್ನ ಕೈತುತ್ತೇ ಅವಳ ಗಂಟಲಿಗೆ ಅಡ್ಡ ಬಂತು" ಎಂದರು. ಅಲ್ಲ, ತಪ್ಪು ನನ್ನದು ಎಂದು ಆಗಲೇ ಹೇಳಬೇಕಾಗಿತ್ತು. ನಾನು ಹೇಳಲಿಲ್ಲ.

ಮೂರನೆಯ ದಿನಕ್ಕೆ ಜ್ವರ, ಕೆಮ್ಮು. ಎದೆಗೆ ಕೊಳವೆ ಇಟ್ಟರೆ ಬಲಗಡೆ ಕೆಳಗೆ ಕೊರಕೊರ ಸದ್ದು. ಗಂಟಲಿಂದ ಒಳಕ್ಕೆ ಇಳಿದದ್ದು ಶ್ವಾಸಕೋಶದಲ್ಲಿ ಕೂತಿತ್ತು. ಬೆಳಿಗ್ಗೆ ಸಂಜೆ ಸೈಕಲ್ಲಿನಲ್ಲಿ ಹೋಗಿ ಪೆನ್ಸಿಲಿನ್ ಚುಚ್ಚಿ ಬರುತ್ತಿದ್ದೆ. ಹಿತ್ತಲ ಕೊಟ್ಟಿಗೆಯಲ್ಲಿ ಗೋಣಿತಾಟು ಹಾಸಿ ಮಲಗಿಸಿದ್ದರು. ಪಂಡಿತರು ನಾಲ್ಕು ಅಡಿ ದೂರದಲ್ಲಿ ಮಣೆ ಹಾಕಿಕೊಂಡು ಕೂತು ಅದರೊಂದಿಗೆ ಮೆಲ್ಲಗೆ ಮಾತಾಡುತ್ತಿರುತ್ತಿದ್ದರು. ನೋಡಲು ಬಂದ ಪ್ರತಿಯೊಬ್ಬರಿಗೂ ತಾವೇ ಅನ್ನ ಹಾಕಿ ಕೆಡಿಸಿದೆವೆಂದು ಹೇಳುತ್ತಿದ್ದರು. ನಾನು ಅಲ್ಲೇ ಸಿರಿಂಜು ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಐದನೆಯ ದಿನ ಕಾಂಪೌಂಡರ್ ಬಾಟಲಿ ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದರು: "ಆ ಯಜಮಾನ್ರು ರಾತ್ರಿ ಊಟ ಬುಟ್ಟವ್ರಂತೆ ಸಾ. ನಾಯಿ ಎದ್ದು ಓಡಾಡೋಗಂಟ ಒಂದೊತ್ತೇ ಅಂತೆ. ಪ್ರಾಯಶ್ಚಿತ್ತ. ಎಂಗೆ ಸಾ ಇದು, ತಪ್ಪು ಯಾರ್ದು, ಉಪಾಸ ಯಾರ್ದು?"

ಅಂದು ಸಂಜೆ ಸೂಜಿ ಚುಚ್ಚಿದ ಮೇಲೆ ಮಣೆಯ ಎದುರು ನೆಲದ ಮೇಲೆ ಕೂತೆ. ಹೊಟ್ಟೆ ಖಾಲಿ ಇರಬೇಕಾದದ್ದು ಆಪರೇಷನ್ನಿನ ಹೊತ್ತಿಗೆ, ಅದನ್ನು ನಾನು ಬಾಯಿ ಬಿಟ್ಟು ಹೇಳಲೇ ಇಲ್ಲ ಎಂದೆ. ಮಾರ್ಫಿಯಾದ ವಿಷಯವನ್ನೂ ಹೇಳಿದೆ. ನಾಲ್ಕು ದಿನ ಸುಮ್ಮನಿದ್ದದ್ದು ಹೆದರಿಕೆಯಿಂದ ಎಂದೂ ಹೇಳಿದೆ. ಮತ್ತೆ ಆಪರೇಷನ್ ಮಾಡುವುದಾದರೆ ಬೆಂಗಳೂರಿನಿಂದ ನನ್ನ ಹಿರಿಯರೊಬ್ಬರನ್ನು ಕರೆಸುತ್ತೇನೆ, ನಾನು ಕೈ ಹಾಕುವುದಿಲ್ಲ ಎಂದೆ. ತಾಲ್ಲೂಕಿನ ಕಡೆ ದನಗಳಿಗೆ ಸೂಜಿ ಹಾಕುವ ಕೆಲಸಕ್ಕೆ ವರ್ಗ ಕೇಳಿಕೊಂಡು ಹೋಗಿಬಿಡೋಣ ಎಂದು ಆ ವಾರ ಅರ್ಜಿಯನ್ನೂ ಬರೆದಿಟ್ಟಿದ್ದೆ.

ಪಂಡಿತರು ನಶ್ಯದ ಡಬ್ಬಿ ತೆರೆದು ಒಂದು ಚಿಟಿಕೆ ಏರಿಸಿದರು. ಆಮೇಲೆ ಕೇಳಿದರು: "ನಿಮ್ಮ ಹಿರಿಯರಿಗೆ ದ್ವಾದಶಿ ಪಾರಣೆ ಗೊತ್ತೋ?"

"ಗೊತ್ತಿರಲಾರದು."

"ನಿಮಗೆ ಈಗ ಗೊತ್ತಾಯ್ತು. ನೀವೇ ಮಾಡಿ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, ಹಾಗಾದರೆ ಇವತ್ತು ರಾತ್ರಿ ಇಬ್ಬರಿಗೂ ಎಲೆ ಹಾಕಲೇ ಎಂದು ಗಂಡನನ್ನು ಕೇಳಿದರು. ಪಂಡಿತರು ಹಾಕು ಎಂದರು. ಇಬ್ಬರು ಎಂದರೆ ಕೆಂಚಿ ಮತ್ತು ಅವರು.

ಕೆಂಚಿ ಚೇತರಿಸಿಕೊಳ್ಳಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಮಾರ್ಫಿಯಾ ಬಂತು. ಗಂಟು ಕಿತ್ತಳೆಯಷ್ಟಾಗಿತ್ತು, ತೊಡೆಯ ಸಂದಿನಲ್ಲಿ ಹುಣಿಸೆ ಬೀಜದಷ್ಟು ಏನೋ ಕೈಗೆ ತಾಕಿತು. ಈ ಸಲ ದಿನ ಗೊತ್ತು ಮಾಡುವಾಗ ಪಂಚಾಂಗ ತೆಗೆಸಿದೆ. ಹಿಂದಿನ ಸಂಜೆಯಿಂದ, ನಾನು ಹೇಳುವವರೆಗೆ, ಅನ್ನ ನೀರು ತೀರ್ಥ ಪ್ರಸಾದ ಯಾವುದೂ ಇಲ್ಲ ಎಂದು ಚೀಟಿ ಬರೆದು ಕೊಟ್ಟೆ. ಅಷ್ಟಕ್ಕೂ ಸಮಾಧಾನವಾಗದೆ ಬೆಳಗಾಗುತ್ತಲೇ ಹೋಗಿ ಅವರ ಹಿತ್ತಲಲ್ಲಿ ಕೂತೆ. ಪಂಡಿತರ ಮನೆಯ ಅಮ್ಮನವರು ನಗುತ್ತಾ, "ಕಾವಲಿಗೆ ಬಂದ್ರಾ? ಕೂತ್ಕೊಳ್ಳಿ, ನಿಮಗಾದ್ರೂ ಕಾಫಿ ಕೊಡಬಹುದೋ ಇಲ್ವೋ?" ಎಂದರು.

ಮಾರ್ಫಿಯಾ ಚುಚ್ಚಿದ ಮೇಲೆ ಕೆಂಚಿ ಎರಡು ಸಲ ಓಕರಿಸಿತು. ಬಂದದ್ದು ನೊರೆ ಮಾತ್ರ. ನಾನೂ ಕಾಂಪೌಂಡರೂ ಆ ನೊರೆಯನ್ನು ಹಬ್ಬದೂಟ ನೋಡಿದವರ ಹಾಗೆ ಸಂತೋಷದಿಂದ ನೋಡಿದೆವು. ಗಂಟಿನ ಸುತ್ತ ಎಲೆಯಾಕಾರಕ್ಕೆ ಕೊಯ್ದು, ರಕ್ತನಾಳಗಳನ್ನು ಒಂದೊಂದಾಗಿ ಹಿಡಿದು ಕಟ್ಟಿ, ಕೆಳಗಿನ ಮೊಲೆಯನ್ನೂ ತೊಡೆಯ ಸಂದಿನ ಆ ಬೀಜವನ್ನೂ ಸೇರಿಸಿಯೇ ತೆಗೆದೆ. ರೇಷ್ಮೆ ದಾರದ ಹೊಲಿಗೆ ಹದಿಮೂರು. ಒಂದು ಗಂಟೆಯಾಯಿತು, ಉಸಿರು ಎಲ್ಲೂ ತಪ್ಪಲಿಲ್ಲ. ಆಮೇಲೆ ಆ ಬೀಜವನ್ನು ಸೀಳಿ ನೋಡಿದೆ. ಗಂಟಿನೊಳಗೆ ಇದ್ದ ಬೂದುಬಣ್ಣದ ರವೆಯೇ ಅಲ್ಲೂ ಇತ್ತು. ಅಂದರೆ ರೋಗ ಮೈಯೊಳಗೆ ಹರಡಲು ಹೊರಟುಬಿಟ್ಟಿತ್ತು, ನಾನು ಹಿಂದೆ ಬಿದ್ದಿದ್ದೆ. ಮೊದಲ ಸಲವೇ ಆಗಿದ್ದರೆ ತಪ್ಪುತ್ತಿತ್ತೇ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಪಂಡಿತರಿಗೆ ಇದನ್ನೂ ಹಾಗೆಯೇ ಹೇಳಿದೆ, ಇನ್ನು ಕೆಲವು ತಿಂಗಳು ಎಂದೆ. ಅವರು ಕಣ್ಣು ಮುಚ್ಚಿ ತೆರೆದು, "ಕೊಟ್ಟಷ್ಟು" ಎಂದರು.

ಈಗ ಗಾಯದ ಪ್ರಶ್ನೆ. ದಿನಕ್ಕೆ ಎರಡು ಸಲ ಉಪ್ಪುನೀರಿನಲ್ಲಿ ಒರೆಸಿ, ಹಳದಿ ಔಷಧಿ ಹಚ್ಚಿ, ಹೊಸ ಬಟ್ಟೆ ಕಟ್ಟಬೇಕು. ದಿನಾ ಜಟಕಾದಲ್ಲಿ ತಂದರೆ ಕುಲುಕಿ ಹೊಲಿಗೆ ಬಿಡುತ್ತದೆ. ಕಾಂಪೌಂಡರ್ ಬೆಳಿಗ್ಗೆ ಮಾತ್ರ ಬರಬಲ್ಲರು, ಅದೂ ಬಿಡುವಾದಾಗ. ಮನೆಯಲ್ಲಿರುವವರು ಗಂಡ ಹೆಂಡತಿ ಇಬ್ಬರೇ. ಅಮ್ಮನವರಿಗೆ ಕೈ ನಡುಕ. ಎರಡು ದಿನ ಹೇಗೋ ನಾನೇ ಓಡಾಡಿದೆ. ಮೂರನೆಯ ದಿನ ಬೆಳಿಗ್ಗೆ ಹೋದರೆ ಪಂಡಿತರು ಸ್ನಾನ ಮಾಡದೆ, ಹಳೆಯ ಪಂಚೆಯಲ್ಲಿ, ಕೊಟ್ಟಿಗೆಯಲ್ಲಿ ನನಗಾಗಿ ಕಾಯುತ್ತಿದ್ದರು.

"ಸ್ನಾನಕ್ಕೆ ಮುಂಚೆ ಮುಟ್ಟಿದರೆ ಆಯ್ತಲ್ಲ ಡಾಕ್ಟರೇ. ಆಮೇಲೆ ಹೇಗೂ ನಾಲ್ಕು ಕೊಡ ಹುಯ್ಕೊಳ್ತೀನಿ. ಸಂಜೆಗೂ ಹಾಗೇ. ಹನ್ನೊಂದು ವರ್ಷ ಇಷ್ಟು ಹೊಳೀಲಿಲ್ಲ ನೋಡಿ ನನ್ನ ತಲೆಗೆ" ಎಂದರು.

ಆದರೆ ಕೆಂಚಿ ಒಪ್ಪಬೇಕಲ್ಲ. ಇವರ ಕೈ ಹತ್ತಿರ ಬರುತ್ತಲೇ ಅದು ಹೊಟ್ಟೆ ನೆಲಕ್ಕೆ ಹಚ್ಚಿ ತೆವಳುತ್ತಾ ಹಿಂದಕ್ಕೆ ಸರಿಯಿತು. ಹೆದರಿಕೆಯಲ್ಲ, ಇವರನ್ನು ಮುಟ್ಟಬಾರದೆಂದು ಮರಿಯಾಗಿದ್ದಾಗಿನಿಂದ ಕಲಿತಿದ್ದ ಪಾಠ. ಮಡಿ ಕೆಡಿಸಬಾರದೆಂದು ನೋವಿನಲ್ಲೂ ಗೋಡೆಗೆ ಅಂಟಿಕೊಂಡಿತು. ಪಂಡಿತರ ಕೈ ಗಾಳಿಯಲ್ಲೇ ನಿಂತಿತು, ಕಣ್ಣಲ್ಲಿ ನೀರು ಬಂತು. ಅವರು ಹಠ ಮಾಡಲಿಲ್ಲ. ನೆಲದ ಮೇಲೆ ಅಂಗೈ ಚಾಚಿ ಇಟ್ಟು ಕೂತರು. ಆ ದಿನ ಡ್ರೆಸಿಂಗ್ ನಾನೇ ಮಾಡಿದೆ, ಮರುದಿನವೂ ನಾನೇ. ಅದರ ಮರುದಿನ ಕೆಂಚಿ ಮೂಸಿ ಮೂಸಿ ನೋಡಿ, ಕೊನೆಗೆ ಗಲ್ಲವನ್ನು ಆ ಅಂಗೈಯ ಮೇಲೆ ಇಟ್ಟಿತು.

ಅಲ್ಲಿಂದ ಮುಂದೆ ನನಗೆ ಅಲ್ಲಿ ಕೆಲಸವಿರಲಿಲ್ಲ. ತಾಳೆಗರಿಗೆ ಎಣ್ಣೆ ಹಚ್ಚಿ ಒರೆಸುವುದರಲ್ಲಿ ಮೂವತ್ತು ವರ್ಷ ಕಳೆದ ಬೆರಳುಗಳು ಅವು. ಹತ್ತಿಯನ್ನು ಕಡ್ಡಿಗೆ ಸುತ್ತುವುದು, ಹೆಚ್ಚಿನ ನೀರು ಹಿಂಡುವುದು, ಒಳಗಿನಿಂದ ಹೊರಕ್ಕೆ ಒಂದೇ ಸಲ ಒರೆಸಿ ಹತ್ತಿ ಬಿಸಾಡುವುದು, ಯಾವುದನ್ನೂ ನಾನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಹೊಲಿಗೆ ಬಿಚ್ಚುವಾಗ ಕಾಂಪೌಂಡರ್ ಗಾಯ ನೋಡಿ, ಇಷ್ಟು ಚೊಕ್ಕವಾಗಿ ನಮ್ಮ ಆಸ್ಪತ್ರೆಯಲ್ಲೇ ಮಾಯುವುದಿಲ್ಲ ಎಂದು ಒಪ್ಪಿಕೊಂಡರು. ನನ್ನ ವರ್ಗದ ಅರ್ಜಿಯನ್ನು ಹರಿದುಹಾಕಿದೆ.

ಏಳು ತಿಂಗಳು. ಗಾಯ ಮಾಯ್ದ ಮೇಲೂ ಪಂಡಿತರು ಬೆಳಗಿನ ಕ್ರಮ ಬಿಡಲಿಲ್ಲ. ಎದ್ದೊಡನೆ ಕೊಟ್ಟಿಗೆಗೆ ಹೋಗಿ ಅರ್ಧ ಗಂಟೆ ಕೆಂಚಿಯ ಕಿವಿ ತಿಕ್ಕಿ, ಬೆನ್ನು ಬಾಚಿ, ಆಮೇಲೆ ಸ್ನಾನ. ಕೆಂಚಿ ಅದನ್ನೂ ಲೆಕ್ಕ ಹಾಕಿಕೊಂಡಿತು; ಸ್ನಾನಕ್ಕೆ ಮುಂಚೆ ಮೈಮೇಲೆ ಬೀಳುತ್ತಿತ್ತು, ಸ್ನಾನವಾದ ಮೇಲೆ ನಾಲ್ಕು ಅಡಿ ದೂರ. ದಾರಿಯಲ್ಲಿ ಹೋಗುವಾಗ ನಾನು ಸೈಕಲ್ ನಿಲ್ಲಿಸಿ ಒಳಗೆ ಹೋಗುತ್ತಿದ್ದೆ. ಚಿಕಿತ್ಸೆಗೆಂದೇನಲ್ಲ. ಕೆಲಸ ಮಾಡಿದ್ದರ ಸುಖ ನನಗೆ ಮೊದಲ ಬಾರಿಗೆ ಗೊತ್ತಾದದ್ದು ಆ ಹಿತ್ತಲಲ್ಲಿ.

ಎಂಟನೆಯ ತಿಂಗಳು ಕೆಮ್ಮು ಶುರುವಾಯಿತು. ಇದು ಬೇರೆ ಕೆಮ್ಮು, ಒಣಗಿದ್ದು. ಎದೆ ತಟ್ಟಿದರೆ ಕೆಳಭಾಗ ಮಂದವಾಗಿ ಕೇಳುತ್ತಿತ್ತು; ಸೂಜಿ ಹಾಕಿ ಕೆಂಪು ನೀರು ತೆಗೆದೆ. ಎರಡು ದಿನ ಹಾಯಾಗಿತ್ತು, ವಾರದಲ್ಲಿ ಮತ್ತೆ ತುಂಬಿತು. ಇನ್ನೊಮ್ಮೆ ತೆಗೆದೆ. ಆಮೇಲೆ ಒಂದು ಬೆಳಿಗ್ಗೆ ಹೋದಾಗ ಕೆಂಚಿ ಮಲಗಲಾರದೆ ಮುಂಗಾಲು ಅಗಲಿಸಿ ಕೂತಿತ್ತು, ಕತ್ತು ಚಾಚಿ ಗಾಳಿ ಎಳೆಯುತ್ತಿತ್ತು. ಪಂಡಿತರು ಪಕ್ಕದಲ್ಲಿ ಒರಗುವುದಕ್ಕೆ ಮೊಣಕಾಲು ಕೊಟ್ಟು ಕೂತಿದ್ದರು.

ಇನ್ನು ಮಾಡಬಹುದಾದದ್ದು ಒಂದೇ ಎಂದು ಹೇಳಿದೆ. ಏನೆಂದು ಅವರಿಗೆ ಅರ್ಥವಾಯಿತು. ಪ್ರಾಣ ತೆಗೆಯುವುದು ತಮ್ಮಿಂದ ಆಗದು, ಹೋಗುವ ಹೊತ್ತಿಗೆ ತಾನೇ ಹೋಗಲಿ ಎಂದರು. ಸ್ವಲ್ಪ ಮಾರ್ಫಿಯಾ ಕೊಟ್ಟು ಎದ್ದೆ. ಆಗ ಅಮ್ಮನವರು ಬಾಗಿಲಿಂದ ಇಳಿದು ಕೊಟ್ಟಿಗೆಯೊಳಗೆ ಬಂದರು. ಅಲ್ಲಿಗೆ ಅವರು ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗಂಡನಿಗೆ ಹೇಳಿದರು:

"ನೋವಿಲ್ಲದ ಹಾಗೆ ಇಡಿ ಅಂತ ಇವರ ಹತ್ತಿರ ಮಾತು ತಗೊಂಡೋರು ನೀವು. ಈಗ ಅದನ್ನ ನಡೆಸಿಕೊಡಕ್ಕೆ ಬಿಡಿ ಅಂದ್ರೆ."

ಪಂಡಿತರು ನನ್ನ ಕಡೆ ತಿರುಗಿ, "ಇದನ್ನ ಮಾಡಿದ ಮೇಲೆ ನಿಮಗೆ ನಿದ್ದೆ ಬರುತ್ತಾ?" ಎಂದು ಕೇಳಿದರು.

"ಬರುತ್ತೆ. ಹೀಗೇ ಬಿಟ್ಟು ಹೋದರೆ ಬರೋಲ್ಲ."

ಅವರು ಕೆಂಚಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ನಾನು ಮಾರ್ಫಿಯಾವನ್ನು ದೊಡ್ಡ ಪ್ರಮಾಣದಲ್ಲಿ ಚುಚ್ಚಿ ಕಾದೆ. ಕಾಲು ಗಂಟೆಯಲ್ಲಿ ಉಸಿರಿನ ಎಳೆದಾಟ ಸಡಿಲವಾಯಿತು. ಎಷ್ಟೋ ದಿನದ ಮೇಲೆ ಕೆಂಚಿ ಪಕ್ಕಕ್ಕೆ ಒರಗಿ ಮಲಗಿತು, ಗೊರಕೆ ಕೂಡ ಹೊಡೆಯಿತು. ಆಮೇಲೆ ಹತ್ತಿಯಲ್ಲಿ ಕ್ಲೋರೋಫಾರಂ. ಒದ್ದಾಟವಿರಲಿಲ್ಲ. ಎದೆಯ ಮೇಲೆ ಕೊಳವೆ ಇಟ್ಟು ಕೊನೆಯವರೆಗೆ ಕೇಳಿ, ತಲೆಯಾಡಿಸಿದೆ. ಅಮ್ಮನವರು ನೀರು ಕಾದಿದೆ ಎಂದರು. ಇರಲಿ ಎಂದರು ಪಂಡಿತರು. ಅಂದು ಅವರ ಮನೆಯ ಪೂಜೆ ಮಧ್ಯಾಹ್ನ ದಾಟಿತು. ಹಿತ್ತಲಲ್ಲೇ ಗುಂಡಿ ತೆಗೆಸಿ ಮಣ್ಣು ಮಾಡಿದೆವು. ನನಗೂ ಅಳು ಬಂತು. ಸೈಕಲ್ ಹತ್ತದೆ ತಳ್ಳಿಕೊಂಡೇ ಆಸ್ಪತ್ರೆಗೆ ಹೋದೆ. ಆದರೆ ರಾತ್ರಿ ನಿದ್ದೆ ಬಂತು.

ಹತ್ತು ದಿನದ ಮೇಲೆ, ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತಿಗೆ ಪಂಡಿತರು ಜಗುಲಿಯಲ್ಲಿ ಕೂತಿದ್ದರು. ಸ್ನಾನವಾಗಿರಲಿಲ್ಲ, ಹಳೆಯ ಪಂಚೆ. ಎದ್ದ ಕೂಡಲೇ ಕೊಟ್ಟಿಗೆಗೆ ಹೋಗುತ್ತೇನೆ, ಅಲ್ಲಿ ನಿಂತು ವಾಪಸು ಬರುತ್ತೇನೆ, ಆ ಅರ್ಧ ಗಂಟೆ ಕಳೆಯುವುದೇ ಕಷ್ಟವಾಗಿದೆ ಎಂದರು. ಇಲ್ಲಿ ಹತ್ತಿ ಸುತ್ತುವ ಕೆಲಸವಾದರೂ ಇದ್ದರೆ ಕೊಡಿ ಎಂದರು. ಅಷ್ಟರಲ್ಲೇ ಜಟಕಾದ ಸಾಬರೊಬ್ಬರು ಕುದುರೆ ಹಿಡಿದು ತಂದರು. ಗಾಡಿಯ ಪಟ್ಟಿ ಉಜ್ಜಿ ಹೆಗಲ ಮೇಲೆ ಅಂಗೈಯಗಲ ಹುಣ್ಣು, ನೊಣ ಮುತ್ತಿತ್ತು. ಪಂಡಿತರು ಒಂದು ಕ್ಷಣ ನೋಡಿದರು. ಉತ್ತರೀಯ ತೆಗೆದು ಕಿಟಕಿಗೆ ಹಾಕಿ, ಉಪ್ಪುನೀರಿನ ಬೋಗುಣಿ ಎತ್ತಿಕೊಂಡು ನೇರವಾಗಿ ಹುಣ್ಣಿಗೆ ಕೈ ಹಾಕಿದರು. ಸಾಬರು ಗಾಬರಿಯಾಗಿ ಹಿಂದೆ ಸರಿದು, "ಸ್ವಾಮೇರೇ, ನೀವು ಮುಟ್ಟಬಾರದು" ಎಂದರು.

"ಅದಿರಲಿ, ನೀನು ಲಗಾಮು ಗಟ್ಟಿಯಾಗಿ ಹಿಡ್ಕೋಪ್ಪ" ಎಂದರು ಪಂಡಿತರು, ಹತ್ತಿ ಹಿಂಡುತ್ತಾ. "ಕಚ್ಚಿಗಿಚ್ಚೀತು."